ಹಲ್ಲಿನ ಶಸ್ತ್ರಚಿಕಿತ್ಸೆಯ ನಂತರ ಸಾಕುಮೊಲದ ಆರೈಕೆ: ಮೊದಲ ರಾತ್ರಿಯಿಂದ ಎಂಟನೆಯ ವಾರದವರೆಗೆ

ಹಲ್ಲಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದ ಮೊಲವನ್ನು ನೋಡುವವರೆಲ್ಲರ ಕಣ್ಣು ಅದರ ಬಾಯಿಯ ಮೇಲೆಯೇ ಇರುತ್ತದೆ. ರಕ್ತ ಒಸರುತ್ತಿದೆಯೇ, ದವಡೆ ಊದಿದೆಯೇ, ಹೊಲಿಗೆ ನೆಟ್ಟಗಿದೆಯೇ ಎಂದು ಮನೆಮಂದಿ ಮತ್ತೆ ಮತ್ತೆ ಇಣುಕುತ್ತಾರೆ. ನಮ್ಮ ಮನೆಯ ಚಿನ್ನು ಎಂಬ ಹೆಣ್ಣು ಮೊಲಕ್ಕೆ ನಾಲ್ಕು ವರ್ಷಗಳಲ್ಲಿ ಹಲವು ಬಾರಿ ಹಲ್ಲು ತೇಯಿಸಿ, ಕೊನೆಗೆ ಬಾಚಿಹಲ್ಲುಗಳನ್ನೆಲ್ಲ ಕೀಳಿಸಿ, ಪ್ರತಿ ಸಲವೂ ರಾತ್ರಿಯಿಡೀ ಎದ್ದು ಕುಳಿತ ಮೇಲೆ ನನಗೆ ಮನದಟ್ಟಾದ ಸಂಗತಿ ಒಂದೇ: ಬಾಯಿಯ ಗಾಯ ಬಹುಪಾಲು ತಾನಾಗಿ ಮಾಗುತ್ತದೆ, ಕಾವಲಿರಬೇಕಾದದ್ದು ಹೊಟ್ಟೆಗೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆದ ಮೊಲವೂ ಮುಂದಿನ ಎರಡು ದಿನ ಹೊಟ್ಟೆ ನಡೆಯದೆ ಸಾಯಬಹುದು.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ಸುತ್ತಮುತ್ತಲಿನ ಪಶುವೈದ್ಯರ ಬಳಿಗೆ ಹೆಚ್ಚಾಗಿ ಬರುವುದು ದನ, ಆಡು ಮತ್ತು ನಾಯಿ. ಮೊಲದ ದವಡೆಹಲ್ಲು ನೋಡಿ ಅಭ್ಯಾಸವಿರುವ ವೈದ್ಯರನ್ನು ಹುಡುಕಿಕೊಂಡು ಹಲವರು ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕಾಗುತ್ತದೆ. ಹಿಂತಿರುಗಿದ ಮೇಲೆ ವೈದ್ಯರು ದೂರ, ರಾತ್ರಿ ಹತ್ತಿರ. ಆದ್ದರಿಂದ ಮನೆಯಲ್ಲಿ ಮಾಡಬೇಕಾದುದನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ತಿಳಿದುಕೊಂಡಿರುವುದು ಒಳ್ಳೆಯದು.

ಹಲ್ಲಿಗೂ ಹೊಟ್ಟೆಗೂ ಇರುವ ನಂಟು

ಮೊಲಕ್ಕೆ ಒಟ್ಟು 28 ಹಲ್ಲುಗಳು: ಮುಂದೆ 6 ಬಾಚಿಹಲ್ಲು, ಹಿಂದೆ 22 ದವಡೆಹಲ್ಲು. ಮೇಲಿನ ಎರಡು ದೊಡ್ಡ ಬಾಚಿಹಲ್ಲುಗಳ ಹಿಂದೆ ಕಡ್ಡಿಯಂಥ ಇನ್ನೆರಡು ಪುಟ್ಟ ಹಲ್ಲುಗಳು ಅಡಗಿರುವುದರಿಂದ ಲೆಕ್ಕ ಆರಾಗುತ್ತದೆ. ಇವೆಲ್ಲವೂ ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಹುಲ್ಲನ್ನು ಅಡ್ಡಡ್ಡಲಾಗಿ ಗಂಟೆಗಟ್ಟಲೆ ಅರೆಯುವಾಗ ಹಲ್ಲಿಗೆ ಹಲ್ಲು ಉಜ್ಜಿ ಬೆಳೆದಷ್ಟೂ ಸವೆಯುತ್ತದೆ. ಹುಲ್ಲು ಕಡಿಮೆಯಾಗಿ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಮೇವು), ಕ್ಯಾರೆಟ್, ಬಿಸ್ಕತ್ತು ಹೆಚ್ಚಾದರೆ, ಗೂಡಿನ ತಂತಿ ಕಚ್ಚಿ ಹಲ್ಲು ಮುರಿದರೆ, ಅಥವಾ ಮೋಟು ಮೂತಿಯ ತಳಿಯಾಗಿದ್ದು ಹುಟ್ಟಿನಿಂದಲೇ ಮೇಲು ಕೆಳಗಿನ ಹಲ್ಲು ಹೊಂದದಿದ್ದರೆ, ಸವೆತ ತಪ್ಪಿ ದವಡೆಹಲ್ಲಿನ ಅಂಚಿನಲ್ಲಿ ಚೂಪಾದ ಮೊನೆ ಮೂಡಿ ನಾಲಿಗೆಯನ್ನೋ ಕೆನ್ನೆಯ ಒಳಮೈಯನ್ನೋ ಸೀಳುತ್ತದೆ.

ಮೊಲದ ಕರುಳು ನಿಲ್ಲದೆ ನಡೆಯುವ ಯಂತ್ರದಂತೆ. ನಾರಿರುವ ಆಹಾರ ಒಳಗೆ ಬರುತ್ತಿದ್ದರೆ ಮಾತ್ರ ಅದು ಚಲಿಸುತ್ತದೆ. ನೋವಿನಿಂದಲೋ ಅರಿವಳಿಕೆಯ ಮಂಪರಿನಿಂದಲೋ ತಿನ್ನುವುದು ನಿಂತರೆ ಕರುಳಿನ ಚಲನೆ ಕುಗ್ಗಿ, ಒಳಗಿದ್ದದ್ದು ಒಣಗಿ, ಹುಳಿತ ಕೆಟ್ಟು, ವಾಯು ತುಂಬಿ, ಹೊಟ್ಟೆನೋವು ಶುರುವಾಗುತ್ತದೆ. ಹೊಟ್ಟೆನೋವು ಬಂದ ಮೊಲ ಇನ್ನಷ್ಟು ತಿನ್ನದೆ ಮುದುಡಿ ಕೂರುತ್ತದೆ. ಸುತ್ತಿಕೊಳ್ಳುವ ಈ ಕೊಂಡಿಯನ್ನು ಎಲ್ಲಿಯಾದರೂ ಒಂದು ಕಡೆ ಕಡಿಯಲೇಬೇಕು. ಕೆಳಗಿನ ಎಲ್ಲ ಕೆಲಸಗಳೂ ಅದಕ್ಕಾಗಿಯೇ.

ಆಸ್ಪತ್ರೆಯಿಂದ ಹೊರಡುವ ಮುನ್ನ

ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ನಾಯಿ ಬೆಕ್ಕುಗಳಂತೆ ಹಿಂದಿನ ರಾತ್ರಿಯಿಂದ ಅದನ್ನು ಉಪವಾಸ ಕೆಡವಬೇಕಾಗಿಲ್ಲ. ಹೋಗುವಾಗಲೇ ಅದು ದಿನವೂ ತಿನ್ನುವ ಹುಲ್ಲು, ಸೊಪ್ಪನ್ನು ಒಂದು ಚೀಲದಲ್ಲಿ ಕಟ್ಟಿಕೊಂಡು ಹೋಗಿ, ಎಚ್ಚರವಾದೊಡನೆ ಮುಂದೆ ಇಡುವಂತೆ ಕೇಳಿಕೊಳ್ಳಿ. ಜೊತೆಗಾರ ಮೊಲವಿದ್ದರೆ ಅದನ್ನೂ ಕರೆದೊಯ್ಯುವುದು ಉತ್ತಮ. ಆಸ್ಪತ್ರೆಯ ವಾಸನೆ ಹೊತ್ತು ಒಂಟಿಯಾಗಿ ಮರಳಿದ ಮೊಲವನ್ನು ಜೊತೆಗಾರನೇ ಕಚ್ಚಿ ಓಡಿಸುವುದುಂಟು.

ಮನೆಗೆ ಕರೆತರುವ ಮೊದಲು ವೈದ್ಯರಿಂದ ತಿಳಿದುಕೊಳ್ಳಲೇಬೇಕಾದ ಮಾತುಗಳಿವೆ. ತೇಯ್ದದ್ದು ಎಷ್ಟು, ಕಿತ್ತದ್ದು ಯಾವುದು, ಕೀವುಗಡ್ಡೆ ಇತ್ತೇ, ಗಾಯವನ್ನು ಹೊಲಿದಿದ್ದಾರೆಯೇ ಇಲ್ಲವೇ ತೆರೆದೇ ಬಿಟ್ಟಿದ್ದಾರೆಯೇ, ನೋವಿನ ಮದ್ದಿನ ಮೊದಲ ಪ್ರಮಾಣ ಎಷ್ಟು ಗಂಟೆಗೆ ಕೊಟ್ಟಿದ್ದಾರೆ, ಮುಂದಿನದು ಯಾವಾಗ, ಅರಿವಳಿಕೆಯಿಂದ ಎದ್ದ ಮೇಲೆ ಏನಾದರೂ ತಿಂದಿದೆಯೇ, ಹಿಕ್ಕೆ ಹಾಕಿದೆಯೇ. ನಮ್ಮ ಕಡೆ ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲೋ ತುಳುವಿನಲ್ಲೋ, ಮನೆಯಲ್ಲಿ ಮದ್ದು ಹಾಕುವ ಅಮ್ಮನೋ ಅತ್ತೆಯೋ ಓದುವುದು ಕನ್ನಡದಲ್ಲಿ; ಈ ಮೂರರ ನಡುವೆ ಒಂದು ಸೊನ್ನೆ ಆಚೀಚೆಯಾದರೂ ಪುಟ್ಟ ಪ್ರಾಣಿಗೆ ಆಪತ್ತು. ಆದ್ದರಿಂದ ಎಷ್ಟು ಮಿ.ಲೀ., ಎಷ್ಟು ಗಂಟೆಗೊಮ್ಮೆ, ಎಷ್ಟು ದಿನ ಎಂಬುದನ್ನು ಅಲ್ಲೇ ನಿಂತು ಕನ್ನಡದಲ್ಲಿ ಬರೆದುಕೊಂಡು, ಸಿರಿಂಜಿನ ಮೇಲೆ ಆ ಗೆರೆಯನ್ನು ಪೆನ್ನಿನಿಂದ ಗುರುತು ಮಾಡಿಸಿಕೊಳ್ಳಿ. ನೋವಿಗೆ ಸಾಮಾನ್ಯವಾಗಿ ಬರೆಯುವ ಮೆಲೋಕ್ಸಿಕ್ಯಾಮ್ ದ್ರವವು ಒಂದು ಮಿ.ಲೀ.ಗೆ 0.5 ಮಿ.ಗ್ರಾಂ ಮತ್ತು 1.5 ಮಿ.ಗ್ರಾಂ ಎಂಬ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ. ಬಾಟಲಿ ಬದಲಾದರೆ ಅದೇ ಗೆರೆಯವರೆಗೆ ಎಳೆದ ಮದ್ದು ಮೂರು ಪಟ್ಟಾಗಬಹುದು.

ಪ್ರಯಾಣ ಮತ್ತು ಮನೆಯೊಳಗಿನ ಜಾಗ

ಹೆದ್ದಾರಿಯಲ್ಲಿ ವಾಹನ ನಿಂತು ನಿಂತು ಸಾಗುವ ದಿನ ಮಂಗಳೂರಿನಿಂದ ನಮ್ಮಲ್ಲಿಗೆ ಎರಡು ಗಂಟೆಗೂ ಮಿಕ್ಕುತ್ತದೆ. ಗಾಳಿಯಾಡುವ ಗಟ್ಟಿ ಬುಟ್ಟಿಯಲ್ಲಿ ದಪ್ಪ ಬಟ್ಟೆ ಹಾಸಿ, ಮೊಲವನ್ನು ನಡುವೆ ಕೂರಿಸಿ, ಬಿಸಿಲು ಬೀಳದ ಬದಿಯಲ್ಲಿಡಿ. ಮಡಿಲಲ್ಲಿ ಹಿಡಿದುಕೊಂಡು ಬರುವುದು ಬೇಡ. ಮಂಪರಿನಲ್ಲಿರುವ ಮೊಲ ಒಮ್ಮೆಲೆ ಬೆದರಿ ಹಿಂಗಾಲಿನಿಂದ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯುವ ಸಾಧ್ಯತೆಯಿದೆ.

ಮನೆಯಲ್ಲಿ ಮೂರು ನಾಲ್ಕು ದಿನ ಅದಕ್ಕೆ ನೆಲದ ಮೇಲೆ ಒಂದು ಮೂಲೆ ಸಾಕು. ಮರದ ಹುಡಿ, ಭತ್ತದ ಹೊಟ್ಟು ಹಾಸಬೇಡಿ. ಅವು ಗಾಯಕ್ಕೆ ಮೆತ್ತುತ್ತವೆ. ಒಗೆದ ಹಳೆಯ ಹತ್ತಿ ಸೀರೆಯನ್ನೋ ಬಿಳಿ ಮುಂಡನ್ನೋ ನಾಲ್ಕು ಮಡಿಕೆ ಮಾಡಿ ಹಾಸಿದರೆ ರಕ್ತದ ಕಲೆ, ಮೂತ್ರದ ಬಣ್ಣ, ಹಿಕ್ಕೆಯ ಲೆಕ್ಕ ಎಲ್ಲವೂ ಕಣ್ಣಿಗೆ ಬೀಳುತ್ತದೆ. ನೀರಿನ ಬಾಟಲಿಯ ಕೊಳವೆಯನ್ನು ನೆಕ್ಕಲು ನೋಯುವುದರಿಂದ ಭಾರವಾದ ತಗ್ಗು ಬಟ್ಟಲಲ್ಲಿ ನೀರಿಡಿ. ಹತ್ತಬೇಕಾದ ಮೆಟ್ಟಿಲು, ಹಲಗೆ ಯಾವುದೂ ಅಲ್ಲಿರಬಾರದು.

ಮೊದಲ ರಾತ್ರಿ

ಮೊಲದ ಸಹಜ ಮೈಬಿಸಿ ಸುಮಾರು 38.5ರಿಂದ 39.5 ಡಿಗ್ರಿ ಸೆಲ್ಸಿಯಸ್. ಅರಿವಳಿಕೆಯ ನಂತರ ಅದು ಇಳಿಯುತ್ತದೆ, 38ಕ್ಕಿಂತ ಕೆಳಗಿಳಿದರೆ ಅಪಾಯ. ಸೆಕೆಯ ಊರಿನವರಾದ ನಮಗೆ ಇದು ಹೊಳೆಯುವುದೇ ಇಲ್ಲ. ನಾವು ಫ್ಯಾನ್ ಹಾಕಿಬಿಡುತ್ತೇವೆ. ಕಿವಿ ಮುಟ್ಟಿ ನೋಡಿ. ಎರಡೂ ಕಿವಿ ತಣ್ಣಗೆ, ಮೈ ಸಡಿಲ, ಕರೆದರೆ ತಲೆ ಎತ್ತದ ಸ್ಥಿತಿ ಇದ್ದರೆ ಬಿಸಿನೀರು ತುಂಬಿದ ಬಾಟಲಿಯನ್ನು ಎರಡು ಸುತ್ತು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಮಾತ್ರ ಇಡಿ, ಬಿಸಿ ಹೆಚ್ಚೆನಿಸಿದರೆ ಇನ್ನೊಂದು ಬದಿಗೆ ಸರಿಯಲು ಅದಕ್ಕೆ ಜಾಗವಿರಲಿ. ಅರ್ಧ ಗಂಟೆಯಲ್ಲಿ ಚುರುಕಾಗದಿದ್ದರೆ ವೈದ್ಯರಿಗೆ ಕರೆ ಮಾಡಬೇಕು.

ಆಮೇಲೆ ಮುಂದೆ ಹುಲ್ಲು, ಕೊತ್ತಂಬರಿ ಸೊಪ್ಪು, ಪುದೀನ ಇಟ್ಟು ಸುಮ್ಮನೆ ನೋಡುತ್ತಿರಿ. ವಾಸನೆಯ ಸೊಪ್ಪು ಹಸಿವನ್ನು ಕೆರಳಿಸುತ್ತದೆ. ಕೆಲವು ಮೊಲಗಳು ಹಲ್ಲು ತೇಯಿಸಿದ ದಿನ ಸಂಜೆಯೇ ತಿನ್ನತೊಡಗುತ್ತವೆ. ಕೆಲವು ಎಲೆಯನ್ನು ಬಾಯಿಗೆ ತೆಗೆದುಕೊಂಡು, ಎರಡು ಸಲ ಜಗಿದು, ಬೀಳಿಸಿ ಬಿಡುತ್ತವೆ. ಅದಕ್ಕೆ ಹಸಿವಿದೆ, ಜಗಿಯಲು ಆಗುತ್ತಿಲ್ಲ ಎಂಬುದರ ಗುರುತು ಇದು. ಮನೆಗೆ ಬಂದು ಮೂರು ನಾಲ್ಕು ಗಂಟೆಯಾದರೂ ತಾನಾಗಿ ತಿನ್ನದಿದ್ದರೆ ಬೆಳಗಾಗಲೆಂದು ಕಾಯದೆ ಸಿರಿಂಜಿನಲ್ಲಿ ಉಣಿಸಲು ತೊಡಗಬೇಕು. ಮೊಲ 12 ಗಂಟೆ ಏನೂ ತಿನ್ನದಿರುವುದು ತುರ್ತು ಪರಿಸ್ಥಿತಿ.

ಇಲ್ಲಿ ನಮ್ಮ ಮನೆಗಳ ಅಭ್ಯಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರಿಗೆ ಹುಷಾರಿಲ್ಲದಿದ್ದರೂ ಕುಚ್ಚಲಕ್ಕಿ ಗಂಜಿಯ ತೆಳಿ ಕೊಡುವುದು ನಮ್ಮಲ್ಲಿ ಕೈಗೆ ಬಂದ ಮದ್ದು. ಮೊಲಕ್ಕೆ ಅದು ಸಲ್ಲದು. ಗಂಜಿ, ಹಾಲಿನಲ್ಲಿ ನೆನೆಸಿದ ಬ್ರೆಡ್, ಬಾಳೆಹಣ್ಣು, ಬೆಲ್ಲದ ನೀರು, ಇವೆಲ್ಲ ನಾರಿಲ್ಲದ ಪಿಷ್ಟ ಅಥವಾ ಸಕ್ಕರೆ. ನಿಧಾನವಾಗಿರುವ ಕರುಳಿನಲ್ಲಿ ಹುಳಿತು ವಾಯುವನ್ನೇ ಹೆಚ್ಚಿಸುತ್ತವೆ. ಮೊದಲ ಸಲ ನಾನು ಬ್ರೆಡ್ಡು ಹಾಲು ಕೊಟ್ಟಿದ್ದೆ. ಮೆತ್ತಗಿದೆ, ಜಗಿಯಬೇಕಾಗಿಲ್ಲ ಎಂದು ನಂಬಿದ್ದೆ. ಮರುದಿನ ಚಿನ್ನುವಿನ ಹೊಟ್ಟೆ ತಮಟೆಯಂತೆ ಬಿಗಿದು, ಮತ್ತೆ ಅದೇ ದಾರಿಯಲ್ಲಿ ಮಂಗಳೂರಿಗೆ ಓಡಬೇಕಾಯಿತು.

ಸಿರಿಂಜಿನಲ್ಲಿ ಉಣಿಸುವ ಕ್ರಮ

ಅಸ್ವಸ್ಥ ಮೊಲಗಳಿಗೆಂದೇ ಮಾಡಿದ ನಾರಿನ ಹುಡಿ ಸಿಕ್ಕಿದರೆ ಅದೇ ಅತ್ಯುತ್ತಮ. ಶಸ್ತ್ರಚಿಕಿತ್ಸೆಯ ದಿನ ನಿಗದಿಯಾದ ಕೂಡಲೇ ಅದನ್ನು ಆನ್‌ಲೈನಿನಲ್ಲಿ ತರಿಸಿಡಿ, ಏಕೆಂದರೆ ನಮ್ಮ ಪೇಟೆಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಸಿಗದಿದ್ದರೆ ಅದು ದಿನವೂ ತಿನ್ನುವ ಪೆಲೆಟನ್ನು ಒಣಗಿರುವಾಗಲೇ ಮಿಕ್ಸಿಯಲ್ಲಿ ನುಣ್ಣಗೆ ಹುಡಿ ಮಾಡಿ, ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ, ಒಂದು ಪಾಲು ಹುಡಿಗೆ ಎರಡು ಪಾಲು ಉಗುರುಬೆಚ್ಚಗಿನ ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಉಬ್ಬಿದ ಮೇಲೆ ಮತ್ತಷ್ಟು ನೀರು ಬೇಕಾಗುತ್ತದೆ. ಹದ ಹೇಗಿರಬೇಕೆಂದರೆ, ಉದ್ದಿನ ದೋಸೆಯ ಹಿಟ್ಟಿಗಿಂತ ತೆಳು, ನೀರುದೋಸೆಯ ಹಿಟ್ಟಿಗಿಂತ ದಪ್ಪ. ಪ್ರತಿ ಸಲ ಹೊಸದಾಗಿಯೇ ಕಲಸಿ. ನಮ್ಮ ಹವೆಯಲ್ಲಿ ಎರಡು ಮೂರು ಗಂಟೆಗೇ ಅದು ಹುಳಿ ಬರುತ್ತದೆ.

ಪ್ರಮಾಣದ ಲೆಕ್ಕ ಸರಳ. ತಾನಾಗಿ ಏನನ್ನೂ ತಿನ್ನದ ಮೊಲಕ್ಕೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50 ಮಿ.ಲೀ. ಕಲಸಿದ ಆಹಾರ ಬೇಕು. ಎರಡು ಕಿಲೋದ ಮೊಲಕ್ಕೆ 100 ಮಿ.ಲೀ. ಆಯಿತು, ಅದನ್ನು ಐದು ಸಲ, ಒಂದು ಸಲಕ್ಕೆ 20 ಮಿ.ಲೀ.ಯಂತೆ ಹಂಚಿ. ಮೊದಲ ಸಲ 5ರಿಂದ 10 ಮಿ.ಲೀ. ಮಾತ್ರ ಕೊಟ್ಟು ನೋಡುವುದು ಸರಿ. ಅದು ತಾನಾಗಿ ತಿನ್ನಲು ಶುರುಮಾಡಿದಂತೆ ಇದನ್ನು ಇಳಿಸುತ್ತ ಬನ್ನಿ. ಉಣಿಸುವ ಮೊದಲು ಹೊಟ್ಟೆಯನ್ನು ಮೃದುವಾಗಿ ಮುಟ್ಟಿ ನೋಡಲೇಬೇಕು: ಹೊಟ್ಟೆ ಬಿಗಿದು ಉಬ್ಬಿದ್ದರೆ, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತಿದ್ದರೆ, ಒಂದು ಹನಿಯನ್ನೂ ಹಾಕದೆ ವೈದ್ಯರನ್ನು ಕೇಳಿ, ಒಳಗೆ ದಾರಿ ಕಟ್ಟಿರುವಾಗ ಮೇಲಿಂದ ತುರುಕಿದರೆ ಜೀವಕ್ಕೇ ಸಂಚಕಾರ.

ಒಂದು ಮಿ.ಲೀ.ಯ ಸಿರಿಂಜು ಹಿಡಿಯಲು ಹಗುರ, ಬಾಯಿಗೂ ಹಿತ. ನಾರು ಸಿಕ್ಕಿಕೊಳ್ಳದಂತೆ ಅದರ ಸೂಜಿ ಸಿಕ್ಕಿಸುವ ತುದಿಯನ್ನು ಬ್ಲೇಡಿನಲ್ಲಿ ಕತ್ತರಿಸಿ, ಕತ್ತರಿಸಿದ ಅಂಚನ್ನು ಉಗುರು ಉಜ್ಜುವ ಅರದಲ್ಲಿ ನಯಮಾಡಿ, ನಿಮ್ಮದೇ ತುಟಿಯ ಒಳಬದಿಗೆ ಒತ್ತಿ ನೋಡಿ. ನಿಮಗೆ ಚುಚ್ಚಿದರೆ ಅದಕ್ಕೂ ಚುಚ್ಚುತ್ತದೆ. ಆಮೇಲೆ ತೊಳೆದು, ಆ ಸಲಕ್ಕೆ ಬೇಕಾದಷ್ಟು ಸಿರಿಂಜುಗಳನ್ನು ತುಂಬಿಸಿ ಸಾಲಾಗಿ ಇಟ್ಟುಕೊಂಡರೆ ನಡುವೆ ಎದ್ದು ಹೋಗಬೇಕಾಗುವುದಿಲ್ಲ.

ಮೊಲವನ್ನು ಬೈರಾಸಿನಲ್ಲಿ ತಲೆಯೊಂದು ಹೊರಗಿರುವಂತೆ ಸುತ್ತಿ, ನೆಲದ ಮೇಲೆಯೇ ಕುಳಿತು, ಅದರ ಹಿಂಭಾಗ ನಿಮ್ಮ ಹೊಟ್ಟೆಗೆ ತಾಗುವಂತೆ ಇಟ್ಟುಕೊಳ್ಳಿ. ಅದು ನಾಲ್ಕು ಕಾಲ ಮೇಲೆ ಸಹಜವಾಗಿ ಕುಳಿತ ಭಂಗಿಯಲ್ಲೇ ಇರಬೇಕು. ಅಂಗಾತ ಮಲಗಿಸುವುದು, ತಲೆಯನ್ನು ಹಿಂದಕ್ಕೆ ಎತ್ತುವುದು ಎಂದಿಗೂ ಕೂಡದು, ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ಕಿಂಡಿಯಿದೆ. ಸಿರಿಂಜನ್ನು ಬದಿಯಿಂದ ಆ ಕಿಂಡಿಯಲ್ಲಿ ತೂರಿಸಿ ಅರ್ಧ ಮಿ.ಲೀ. ಬಿಟ್ಟು ನಿಲ್ಲಿಸಿ. ದವಡೆ ಅಲ್ಲಾಡುವುದನ್ನು, ಗಂಟಲು ನುಂಗುವುದನ್ನು ಕಂಡ ಮೇಲೆ ಮುಂದಿನ ಅರ್ಧ. ಶಸ್ತ್ರಚಿಕಿತ್ಸೆ ಆದ ಬದಿಯನ್ನು ಬಿಟ್ಟು ಇನ್ನೊಂದು ಬದಿಯಿಂದ ಕೊಡಿ. ಇಪ್ಪತ್ತು ಮಿ.ಲೀ.ಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ.

ಬಾಚಿಹಲ್ಲು ಕೀಳಿಸಿದ ರಾತ್ರಿ ಚಿನ್ನು ಮೊದಲ ಮೂರು ಸಿರಿಂಜುಗಳನ್ನು ಗದ್ದದ ಮೇಲೆಯೇ ಉಗುಳಿತ್ತು. ನಾಲ್ಕನೆಯದನ್ನು ಬಾಯೊಳಗೆ ಹಾಕದೆ ತುಟಿಯ ಮೇಲೆ ಒಂದು ಚುಕ್ಕಿಯಷ್ಟು ಸವರಿದೆ. ಅದು ನಾಲಿಗೆ ಹೊರಚಾಚಿ ನೆಕ್ಕಿತು, ಒಂದು ಕ್ಷಣ ತಡೆಯಿತು, ಮತ್ತೆ ನೆಕ್ಕಿತು. ಐದನೆಯ ಸಿರಿಂಜನ್ನು ತಾನಾಗಿಯೇ ತುಟಿಯಿಂದ ಎಳೆದುಕೊಂಡಿತು. ಒತ್ತಾಯಕ್ಕೆ ಮುನ್ನ ರುಚಿ ತೋರಿಸುವುದು ಅಂದಿನಿಂದ ನನ್ನ ಕ್ರಮ. ಉಣಿಸಿ ಮುಗಿದ ಮೇಲೆ ಗದ್ದ, ಎದೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಅಂಟಿಕೊಂಡ ಆಹಾರ ಚರ್ಮವನ್ನು ಹುಣ್ಣು ಮಾಡುತ್ತದೆ.

ಹಿಕ್ಕೆಯ ಲೆಕ್ಕ

ಗೋಡೆಯ ಮೇಲೆ ಒಂದು ಕಾಗದ ಅಂಟಿಸಿ, ಉಣಿಸಿದ ಹೊತ್ತು, ಪ್ರಮಾಣ, ಮದ್ದು, ಹಿಕ್ಕೆ, ಮೂತ್ರ ಇಷ್ಟನ್ನು ಬರೆಯುತ್ತ ಹೋಗಿ. ಮನೆಯಲ್ಲಿ ಇಬ್ಬರು ಮೂವರು ಸರದಿಯಲ್ಲಿ ನೋಡಿಕೊಳ್ಳುವಾಗ ಇದಿಲ್ಲದೆ ನಡೆಯದು. ಆರೋಗ್ಯವಂತ ಮೊಲ ದಿನಕ್ಕೆ ನೂರಕ್ಕೂ ಮಿಕ್ಕಿ ಗುಂಡನೆಯ, ಒಣ, ಹೆಚ್ಚುಕಡಿಮೆ ಒಂದೇ ಗಾತ್ರದ ಹಿಕ್ಕೆ ಹಾಕುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮೊದಲು ಬರುವವು ಸಣ್ಣವಾಗಿ, ಕಪ್ಪಾಗಿ, ಗಟ್ಟಿಯಾಗಿರುತ್ತವೆ. ಚಿನ್ನುವಿನದು ನಡುರಾತ್ರಿ ಮೂರರ ಸುಮಾರಿಗೆ ಬಂದದ್ದು ಎರಡೇ ಎರಡು, ಒಣಗಿದ ಒಳ್ಳೆಮೆಣಸಿನ ಕಾಳಿನಷ್ಟು. ಟಾರ್ಚ್ ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲೆ ಅವನ್ನು ಕಂಡಾಗ ಆದ ಸಮಾಧಾನವನ್ನು ಮೊಲ ಸಾಕಿದವರೇ ಬಲ್ಲರು. ಗಾತ್ರ ಮೆಲ್ಲಮೆಲ್ಲನೆ ಕಡಲೆಕಾಳಿನಷ್ಟಕ್ಕೆ ಏರಿ, ಬಣ್ಣ ತಿಳಿಯಾಗುತ್ತ ಬಂದರೆ ಕರುಳು ದಾರಿಗೆ ಬರುತ್ತಿದೆ ಎಂದರ್ಥ.

ಇನ್ನೊಂದು ಬಗೆಯ ಹಿಕ್ಕೆಯಿದೆ: ಮೆತ್ತಗೆ, ಹೊಳೆಯುವಂತೆ, ಹಸಿ ಒಳ್ಳೆಮೆಣಸಿನ ಗೊನೆಯಂತೆ ಒಂದಕ್ಕೊಂದು ಅಂಟಿಕೊಂಡು ಬರುವಂಥದ್ದು. ಮೊಲ ಇದನ್ನು ಹೊರಬೀಳುವಾಗಲೇ ಬಾಯಿಹಾಕಿ ತಿನ್ನುತ್ತದೆ. ಅದರ ಜೀವಸತ್ವಗಳ ಒಂದು ಪಾಲು ಇದರಿಂದಲೇ ಸಿಗುವುದು. ಬಾಯಿ ನೋಯುವ ದಿನಗಳಲ್ಲಿ ಬಗ್ಗಿ ತಿನ್ನಲಾಗದೆ ಇದು ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಭೇದಿಯೆಂದು ತಪ್ಪು ತಿಳಿಯಬೇಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ದಿನಕ್ಕೆ ಎರಡು ಸಲ ಒರೆಸಿ, ಒಣಗಿಸಿ. ಮಳೆಗಾಲದಲ್ಲಿ ಇದನ್ನು ಒಂದು ದಿನ ಮರೆತರೂ ನೊಣ ಮೊಟ್ಟೆಯಿಟ್ಟು, ಹುಳವಾಗಿ, ಜೀವಂತ ಮೊಲದ ಮಾಂಸವನ್ನೇ ತಿನ್ನತೊಡಗುತ್ತವೆ. ಬೆಳಗಿನಿಂದ ಸಂಜೆಯೊಳಗೆ ಆಗಿಬಿಡಬಹುದಾದ ಅನಾಹುತವಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡಿಗೆ ಸೊಳ್ಳೆಪರದೆ ಕಟ್ಟಿಡಿ.

ನೋವು ಮತ್ತು ಮದ್ದು

ಮೊಲ ನೋವಿಗೆ ಕೂಗುವ ಪ್ರಾಣಿಯಲ್ಲ. ಅದರ ನೋವು ಕಾಣುವುದು ಕಣ್ಣು ಅರೆಮುಚ್ಚಿದ್ದರಲ್ಲಿ, ಬೆನ್ನು ಗೂನು ಮಾಡಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಕುಳಿತದ್ದರಲ್ಲಿ, ಕಟಕಟ ಹಲ್ಲು ಕಡಿಯುವುದರಲ್ಲಿ, ಜೊಲ್ಲಿನಿಂದ ಒದ್ದೆಯಾದ ಗದ್ದದಲ್ಲಿ. ತಲೆ ಸವರುವಾಗ ಕೇಳುವ ಮೆಲುವಾದ ಹಲ್ಲುಸದ್ದು ಸಂತೋಷದ್ದು. ಸುಮ್ಮನೆ ಮೂಲೆಯಲ್ಲಿ ಕುಳಿತಾಗ ಕೇಳುವ ಗಟ್ಟಿ ಸದ್ದು ನೋವಿನದು. ತಿನ್ನತೊಡಗಿತೆಂದು ಮದ್ದನ್ನು ಅರ್ಧಕ್ಕೆ ನಿಲ್ಲಿಸಬೇಡಿ, ತಿನ್ನುತ್ತಿರುವುದು ಮದ್ದಿನ ಬಲದಿಂದಲೇ ಇರಬಹುದು. ಆಹಾರಕ್ಕೆ ಅರ್ಧ ಗಂಟೆ ಮೊದಲು ನೋವಿನ ಮದ್ದು ಹಾಕಿದರೆ ಉಣಿಸುವುದು ಸುಲಭ. ಮನುಷ್ಯರ ಗುಳಿಗೆಯನ್ನು ಅಂದಾಜಿನಲ್ಲಿ ತುಂಡು ಮಾಡಿ ಕೊಡುವುದು ಬೇಡವೇ ಬೇಡ.

ಆ್ಯಂಟಿಬಯೋಟಿಕ್ ವಿಷಯದಲ್ಲಿ ಒಂದು ಕಟ್ಟುನಿಟ್ಟು ತಿಳಿದಿರಲಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್, ಲಿಂಕೋಮೈಸಿನ್ ಇವುಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷ ಹುಟ್ಟಿಸುವಂಥವು ಹೆಚ್ಚಿ, ಭೇದಿಯಾಗಿ ಪ್ರಾಣ ಹೋಗಬಹುದು. ಪೆನಿಸಿಲಿನ್ ಗುಂಪಿನ ಕೆಲವನ್ನು ವೈದ್ಯರು ಚುಚ್ಚುಮದ್ದಾಗಿ ಕೊಡುವುದುಂಟು, ಅದು ಬೇರೆ ಮಾತು. ಒಮ್ಮೆ ಒಂದು ಔಷಧದಂಗಡಿಯಲ್ಲಿ, ಚೀಟಿಯಲ್ಲಿದ್ದ ಮದ್ದು ಮುಗಿದಿದೆಯೆಂದು ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ಪನ್ನು "ಇದುಂ ಅದು ತನ್ನೆ" (ಇದೂ ಅದೇ) ಎಂದು ಮಲಯಾಳದಲ್ಲಿ ಹೇಳುತ್ತ ನನ್ನ ಮುಂದಿಟ್ಟಿದ್ದರು. ಹಲ್ಲುನೋವಿಗೆ ಮನುಷ್ಯರು ತೆಗೆದುಕೊಳ್ಳುವುದು ಅದನ್ನೇ ಆದ್ದರಿಂದ ಅವರಿಗೆ ಹಾಗೆ ಅನ್ನಿಸಿದ್ದು ಸಹಜ. ಬರೆದ ಮದ್ದು ಸಿಗದಿದ್ದರೆ ವೈದ್ಯರಿಗೆ ಫೋನು ಮಾಡಿ ಬದಲಿ ಹೆಸರು ಕೇಳಿ, ಅಂಗಡಿಯಲ್ಲಿ ಬದಲಿಸಿಕೊಳ್ಳಬೇಡಿ.

ಗಾಯವನ್ನು ನೋಡಿಕೊಳ್ಳುವುದು

ದವಡೆಹಲ್ಲನ್ನು ತೇಯ್ದದ್ದು ಮಾತ್ರವಾಗಿದ್ದರೆ ಹೊರಗಿನ ಗಾಯವಿಲ್ಲ. ನಾಲಿಗೆಯ ಹುಣ್ಣು ಕೆಲವೇ ದಿನಗಳಲ್ಲಿ ಮಾಗುತ್ತದೆ. ಬಾಯಿ ಅಗಲಿಸಿ ನೋಡುವ ಗೋಜಿಗೆ ಹೋಗದಿರಿ. ಕಾಣುವುದೂ ಇಲ್ಲ, ನೋವು ಮಾತ್ರ ಹೆಚ್ಚುತ್ತದೆ.

ಬಾಚಿಹಲ್ಲು ಕಿತ್ತಿದ್ದರೆ ಮೊದಲ ದಿನ ಜೊಲ್ಲಿನಲ್ಲಿ ನಸುಗೆಂಪು ಕಾಣಬಹುದು. ಹನಿಹನಿಯಾಗಿ ಕೆಂಪು ರಕ್ತವೇ ಬೀಳುತ್ತಿದ್ದರೆ ಅದು ಸಹಜವಲ್ಲ. ಮೊಲ ಇನ್ನು ಮುಂದೆ ಕಚ್ಚಿ ಕತ್ತರಿಸಲಾರದು, ತುಟಿಯಿಂದ ಎತ್ತಿಕೊಂಡು ಹಿಂದಿನ ಹಲ್ಲಿನಲ್ಲಿ ಅರೆಯುವುದನ್ನು ಕಲಿಯುತ್ತದೆ. ಆದ್ದರಿಂದ ಸೊಪ್ಪನ್ನು ಬೆರಳುದ್ದದ ಎಳೆಗಳಾಗಿ ಹೆಚ್ಚಿ ಕೊಡಬೇಕು. ಒಂದೆರಡು ವಾರಗಳಲ್ಲಿ ಅಚ್ಚರಿಯೆನಿಸುವಷ್ಟು ಚುರುಕಾಗಿ ಅವು ಇದಕ್ಕೆ ಹೊಂದಿಕೊಳ್ಳುತ್ತವೆ. ರೋಮ ಬಾಚಿಕೊಳ್ಳಲು ಬಳಸುತ್ತಿದ್ದ ಹಲ್ಲೂ ಅದೇ ಆದ್ದರಿಂದ ಮುಂದೆ ನೀವೇ ದಿನ ಬಿಟ್ಟು ದಿನ ಬಾಚಬೇಕು.

ಕೀವುಗಡ್ಡೆಯದು ಎಲ್ಲಕ್ಕಿಂತ ಕಷ್ಟದ ಆರೈಕೆ. ಮೊಲದ ಕೀವು ಹರಿಯುವಂಥದ್ದಲ್ಲ, ಗಟ್ಟಿ ಮೊಸರಿನಂತೆ ಇರುವುದರಿಂದ ವೈದ್ಯರು ಗಡ್ಡೆಯನ್ನು ಕೆರೆದು, ಗಾಯದ ಬಾಯಿಯನ್ನು ಹೊಲಿಯದೆ ತೆರೆದೇ ಇಡುವುದುಂಟು. ಅವರು ತೋರಿಸಿಕೊಟ್ಟಂತೆ ದಿನವೂ ಸಲೈನಿನಲ್ಲಿ, ಅಥವಾ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಲ್ಲಿ ತೊಳೆಯಬೇಕು. ಮೊದಲ ಸಲ ವೈದ್ಯರೆದುರೇ ನೀವು ಮಾಡಿ ತೋರಿಸಿ ಬನ್ನಿ. ಅರಿಶಿನದ ಹುಡಿ, ಬೇವಿನೆಣ್ಣೆ, ಹಿತ್ತಲ ಸೊಪ್ಪಿನ ರಸ ಏನನ್ನೂ ಆ ಗುಳಿಯೊಳಗೆ ತುಂಬಬಾರದು.

ಹುಲ್ಲಿಗೆ ಮರಳುವುದು

ಮೆತ್ತನೆಯ ಆಹಾರ ಸೇತುವೆ ಮಾತ್ರ. ಅದರ ಮೇಲೆಯೇ ನಿಂತುಬಿಟ್ಟರೆ ಹಲ್ಲು ಸವೆಯದೆ ಅದೇ ಮೊನೆ ಮತ್ತೆ ಮೂಡುತ್ತದೆ. ಎರಡನೆಯ ದಿನದಿಂದಲೇ ಗರಿಕೆಯ ಎಳೆ ತುದಿ, ದಾಸವಾಳದ ಎಲೆ, ಒಂದೆಲಗ ಮುಂತಾದವನ್ನು ಸಣ್ಣಗೆ ಹೆಚ್ಚಿ ಇಡಿ. ಮೂರು ನಾಲ್ಕನೆಯ ದಿನ ಎಳೆಯ ಗಿನಿಹುಲ್ಲು, ವಾರದ ಹೊತ್ತಿಗೆ ಒಣಹುಲ್ಲು. ಹರಿವೆ, ಬಸಳೆ ಅಪರೂಪಕ್ಕೊಮ್ಮೆ ಸಾಕು. ಮರಗೆಣಸಿನ ಎಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ಅದನ್ನು ಹಾಕಲೇಬೇಡಿ.

ಹುಲ್ಲು ಎಲ್ಲಿಂದ ಕೊಯ್ದದ್ದು ಎಂಬುದು ನಮ್ಮ ಅಡಿಕೆ ಸೀಮೆಯಲ್ಲಿ ದೊಡ್ಡ ಪ್ರಶ್ನೆ. ಮಳೆಗಾಲದ ಆರಂಭದಲ್ಲಿ ಕೊಳೆರೋಗಕ್ಕೆಂದು ಅಡಿಕೆ ಗೊನೆಗಳಿಗೆ ಮದ್ದು ಬಿಟ್ಟಾಗ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಕೆಳಗಿನ ಹುಲ್ಲಿನ ಮೇಲೆಲ್ಲ ಹನಿದು ನೀಲಿ ಚುಕ್ಕಿಯಾಗಿ ಒಣಗಿರುತ್ತದೆ. ಮದ್ದು ಬಿಟ್ಟ ತೋಟದ ಹುಲ್ಲು, ಕಳೆನಾಶಕ ಹೊಡೆದ ಬದುವಿನ ಹುಲ್ಲು ಎರಡೂ ಮೊಲಕ್ಕೆ ವರ್ಜ್ಯ. ನಾನು ಅಂಗಳದ ಮೂಲೆಯಲ್ಲಿ, ತೋಟದಿಂದ ದೂರ, ಎರಡು ಸಾಲು ಗಿನಿಹುಲ್ಲನ್ನೂ ಒಂದು ಗರಿಕೆಯ ಮಡಿಯನ್ನೂ ಬೆಳೆಸಿಕೊಂಡಿದ್ದೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ಅದನ್ನು ಕೊಯ್ದು, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಮನೆಯೊಳಗೆ ಎರಡು ದಿನ ಹರವಿದರೆ ಹಸಿರು ಬಣ್ಣ ಉಳಿದ ಒಳ್ಳೆಯ ಒಣಹುಲ್ಲಾಗುತ್ತದೆ. ಪೂರ್ತಿ ಒಣಗಿಸಿ ಗಾಳಿಯಾಡದ ಡ್ರಮ್ಮಿನಲ್ಲಿಟ್ಟರೆ ಮಳೆಗಾಲಕ್ಕೂ ಒದಗುತ್ತದೆ. ಮುಗ್ಗಲು ವಾಸನೆ ಬಂದ ಹುಲ್ಲನ್ನು ಎಸೆಯಿರಿ. ಗುಡ್ಡದಿಂದ ತಂದ, ತೆನೆಯಲ್ಲಿ ಚುಚ್ಚುವ ಮೊನೆಗಳಿರುವ ಒರಟು ಹುಲ್ಲನ್ನು ಗಾಯ ಪೂರ್ತಿ ಮಾಗುವವರೆಗೆ ದೂರವಿಡಬೇಕು, ಆ ಮೊನೆ ಹಲ್ಲು ಕಿತ್ತ ಗುಳಿಗೆ ಹೊಕ್ಕರೆ ಮತ್ತೆ ಕೀವಾಗುತ್ತದೆ.

ಮಾರ್ಚ್‌ನಿಂದ ಮೇ ವರೆಗಿನ ಸೆಕೆಯಲ್ಲಿ ಚೇತರಿಸಿಕೊಳ್ಳುವ ಮೊಲವನ್ನು ಶೀಟಿನ ಮಾಡಿನ ಕೆಳಗೆ ಬಿಡಬೇಡಿ. ಮೊದಲ ರಾತ್ರಿಯ ಚಳಿಯ ಭಯ ಕಳೆದ ಮೇಲೆ ಅದರ ಶತ್ರು ಸೆಕೆಯೇ. 30 ಡಿಗ್ರಿ ದಾಟಿದರೆ ಆರೋಗ್ಯವಂತ ಮೊಲವೂ ಏದುತ್ತದೆ, ಹುಲ್ಲು ಬಿಡುತ್ತದೆ. ಒಳಕೋಣೆಯ ತಂಪು ನೆಲ ಮತ್ತು ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿ ಸಾಕಾಗುತ್ತದೆ.

ತಡಮಾಡದೆ ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭ

ಸಿರಿಂಜಿನ ಆಹಾರವನ್ನೂ ನುಂಗದೆ ಬಾಯಿಯಿಂದ ಹೊರಬಿಡುತ್ತಿದ್ದರೆ, 12 ಗಂಟೆ ಹಿಕ್ಕೆಯೇ ಇಲ್ಲದಿದ್ದರೆ, ಹೊಟ್ಟೆ ಬಿಗಿದಿದ್ದರೆ, ಕಿವಿ ತಣ್ಣಗಾಗಿ ಮೈ ಜೋತುಬಿದ್ದರೆ, ಉಸಿರಾಡುವಾಗ ಮೂತಿ ಮೇಲೆತ್ತಿ ಬಾಯಿ ತೆರೆಯುತ್ತಿದ್ದರೆ, ನೀರಿನಂಥ ಭೇದಿಯಾದರೆ, ದವಡೆಯ ಊತ ಎರಡನೆಯ ದಿನದ ನಂತರ ಏರುತ್ತಿದ್ದರೆ ಹೊರಟೇಬಿಡಿ. ದೂರದ ವೈದ್ಯರು ಸಿಗದ ಹೊತ್ತಿನಲ್ಲಿ ಹತ್ತಿರದ ಸರಕಾರಿ ಮೃಗಾಸ್ಪತ್ರೆಯಲ್ಲಿ ಚರ್ಮದಡಿ ದ್ರವ ಮತ್ತು ನೋವಿನ ಚುಚ್ಚುಮದ್ದು ಕೊಡಿಸಬಹುದು. ಶಸ್ತ್ರಚಿಕಿತ್ಸೆ ಮಾಡಿದವರನ್ನು ಫೋನಿನಲ್ಲಿ ಅವರೊಡನೆ ಮಾತನಾಡಿಸಿ.

ಮುಂದಿನ ವಾರಗಳು

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು, ಮೊದಲ ವಾರ ದಿನವೂ ಒಂದೇ ಹೊತ್ತಿಗೆ, ಆಮೇಲೆ ವಾರಕ್ಕೊಮ್ಮೆ ತೂಗಿ ಬರೆದಿಡಿ. ಎರಡು ಕಿಲೋದ ಮೊಲ 200 ಗ್ರಾಂ ಕಳೆದುಕೊಂಡಿತೆಂದರೆ ಅದು ಹತ್ತನೆಯ ಒಂದು ಪಾಲು. ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ತಕ್ಕಡಿ ಹೇಳುತ್ತದೆ. ತೂಗುವಾಗಲೇ ಕೆಳದವಡೆಯ ಅಂಚನ್ನು ಎರಡೂ ಬದಿ ಬೆರಳಿನಿಂದ ಸವರಿ ಗಂಟುಗಳಿವೆಯೇ ನೋಡಿ, ಒಂದೇ ಕಣ್ಣಿನಲ್ಲಿ ನೀರು ಸೋರುತ್ತಿದೆಯೇ ಗಮನಿಸಿ. ಮೇಲಿನ ಹಲ್ಲಿನ ಬೇರು ಬೆಳೆದು ಕಣ್ಣೀರಿನ ನಾಳವನ್ನು ಒತ್ತಿದರೆ ಹಾಗಾಗುತ್ತದೆ.

ದವಡೆಹಲ್ಲು ತೇಯಿಸಿದ ಮೊಲವನ್ನು ನಾಲ್ಕರಿಂದ ಆರು ವಾರಗಳಲ್ಲಿ ಮರುಪರೀಕ್ಷೆಗೆ ಒಯ್ಯಬೇಕು, ಮುಂದಿನ ಅಂತರವನ್ನು ಅದರ ಹಲ್ಲು ಬೆಳೆಯುವ ವೇಗ ನೋಡಿ ವೈದ್ಯರು ನಿರ್ಧರಿಸುತ್ತಾರೆ. ನಡುವೆ ಹಲ್ಲು ಉದ್ದವಾಯಿತೆಂದು ಉಗುರು ಕತ್ತರಿಯಲ್ಲಿ ಕತ್ತರಿಸಬಾರದು. ಹಲ್ಲು ಉದ್ದಕ್ಕೆ ಸೀಳಿ, ಬೇರಿನವರೆಗೆ ಬಿರುಕು ಹೋಗಿ ಕೀವಾಗುತ್ತದೆ. ಬಾಚಿಹಲ್ಲು ಕೀಳಿಸಿದ್ದರೆ ಎಂಟನೆಯ ವಾರದವರೆಗೆ ವಾರಕ್ಕೊಮ್ಮೆ ತುಟಿಯನ್ನು ಮೆಲ್ಲಗೆ ಎತ್ತಿ ವಸಡನ್ನು ಬೆಳಕಿನಲ್ಲಿ ನೋಡಿ. ಬೇರಿನ ತುದಿಯ ಬೆಳೆಯುವ ಅಂಶ ಚೂರು ಉಳಿದಿದ್ದರೂ ಹಲ್ಲು ಮತ್ತೆ ಮೊಳೆಯುತ್ತದೆ. ಚಿನ್ನುವಿಗೆ ಆರನೆಯ ವಾರ ಕೆಳವಸಡಿನ ಎಡಬದಿಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ತುದಿ ಕಂಡಿತ್ತು. ಫೋಟೋ ಕಳಿಸಿದಾಗ, ಇಕ್ಕಳಕ್ಕೆ ಸಿಗುವಷ್ಟು ಬೆಳೆಯಲಿ ಎಂದು ವೈದ್ಯರು ಮೂರು ವಾರ ಕಾಯಿಸಿದರು. ಆಮೇಲೆ ಅದೊಂದನ್ನು ತೆಗೆಸಿಕೊಂಡು ಬಂದ ಸಂಜೆ, ಬುಟ್ಟಿಯಿಂದ ಇಳಿದು ಅರ್ಧ ಗಂಟೆಯೊಳಗೆ ಅದು ಹೆಚ್ಚಿಟ್ಟ ಗರಿಕೆಯನ್ನು ತುಟಿಯಿಂದ ಎತ್ತಿಕೊಳ್ಳತೊಡಗಿತು.